ಗರ್ಭಸ್ಥ ಜೀವ ಮತ್ತು ಗೃಹಸ್ಥರ ಪಾಠ

ಭಗವಜ್ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗೃಹಸ್ಥರ ಸಂಸ್ಕಾರಗಳನ್ನು ನಿರೂಪಿಸುವಾಗ ಗರ್ಭಾನ್ವಯ ಕ್ರಿಯೆಗಳು 53 ಎಂದು ಎಣಿಸಿದ್ದಾರೆ. ಅವುಗಳಲ್ಲಿ ಮೊದಲ ಐದು ಶಿಶು ಜನಿಸುವುದಕ್ಕೆ ಮುನ್ನವೇ ನಡೆಯತಕ್ಕವು. ಆಧಾನದ ತರುವಾಯ ಮೂರನೆಯ ತಿಂಗಳಲ್ಲಿ ಪ್ರೀತಿ, ಐದನೆಯದರಲ್ಲಿ ಸುಪ್ರೀತಿ, ಏಳನೆಯದರಲ್ಲಿ ಧೃತಿ, ಒಂಬತ್ತನೆಯದರಲ್ಲಿ ಮೋದ. ಈ ಹೆಸರುಗಳನ್ನು ಮಂತ್ರಪುಸ್ತಕದ ಶೀರ್ಷಿಕೆಗಳೆಂದು ಓದಿ ಮುಂದೆ ಸಾಗುವುದು ರೂಢಿ. ಆದರೆ ಇವು ವಸ್ತುಗಳ ಹೆಸರುಗಳಲ್ಲ, ಮನಸ್ಸಿನ ಸ್ಥಿತಿಗಳ ಹೆಸರುಗಳು. ಹೆರಿಗೆಯ ಭಯವು ಗರ್ಭಿಣಿಯನ್ನು ಆವರಿಸತೊಡಗುವ ಏಳನೆಯ ತಿಂಗಳಿಗೆ ಧೃತಿ, ಅಂದರೆ ಧೈರ್ಯ, ಸ್ಥೈರ್ಯ ಎಂಬ ಹೆಸರು ಬಂದಿರುವುದು ವಿಚಾರಯೋಗ್ಯವಾಗಿದೆ. ಈಗ ಆ ತಿಂಗಳಲ್ಲಿ ಉಳಿದಿರುವುದು ಕುಬುಸದ ಸೀರೆ, ಹಸಿರು ಬಳೆ, ಐದು ಬಗೆಯ ಸಿಹಿ ಅಡಿಗೆ ಮತ್ತು ಛಾಯಾಚಿತ್ರ. ಧೈರ್ಯವನ್ನು ಗರ್ಭಿಣಿಯು ತಾನೇ ಎಲ್ಲಿಂದಲಾದರೂ ತಂದುಕೊಳ್ಳಬೇಕು.

ಹುಬ್ಬಳ್ಳಿಯಲ್ಲಿ ಪಾತ್ರೆಗಳ ವ್ಯಾಪಾರ ಮಾಡುವ ದಿಗಂಬರ ಜೈನ ಮನೆತನವೊಂದರಲ್ಲಿ ಈ ಧೈರ್ಯವನ್ನು ಕಲಿಸುವ ವಿಷಯವಾಗಿಯೇ ಕೆಲವು ತಿಂಗಳು ಚರ್ಚೆ ನಡೆಯಿತು. ಸೊಸೆಯು ಚೊಚ್ಚಲ ಗರ್ಭಿಣಿ. ಆಕೆಯನ್ನು ಪರೀಕ್ಷಿಸುತ್ತಿದ್ದ ವೈದ್ಯೆಯು 28ನೆಯ ವಾರದಲ್ಲಿ ಒಂದು ಚೀಟಿ ಕೊಟ್ಟರು. ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಒಟ್ಟು ಆರು ವಾರ, ಹೆರಿಗೆಯ ಪೂರ್ವಸಿದ್ಧತೆಯ ತರಗತಿ; ಗಂಡ ಹೆಂಡತಿ ಇಬ್ಬರೂ ಬರತಕ್ಕದ್ದು ಎಂದು ಅದರಲ್ಲಿ ಅಚ್ಚಾಗಿತ್ತು. ಹೆಂಡತಿ ಹೋಗುವ ವಿಷಯದಲ್ಲಿ ಯಾರದೂ ಆಕ್ಷೇಪವಿರಲಿಲ್ಲ. ಗಂಡನು ಏಕೆ ಹೋಗಬೇಕೆಂಬುದು ಪ್ರಶ್ನೆಯಾಯಿತು. ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚು. ಆರು ಶನಿವಾರಗಳೆಂದರೆ ವ್ಯಾಪಾರಿಗೆ ಸಣ್ಣ ಲೆಕ್ಕವಲ್ಲ. ಅತ್ತೆಯವರಂತೂ ಬಾಯಿಗೆ ಸೆರಗು ಹಿಡಿದು ನಕ್ಕರು. "ಹಡಿಯೂದನ್ನ ಸಾಲ್ಯಾಗ ಕಲಸ್ತಾರೇನು? ಮೂರು ಹಡದೀನಿ, ನಿಮ್ಮಪ್ಪ ಒಮ್ಮೆಯೂ ಓಣಿ ದಾಟಿ ಬರಲಿಲ್ಲ," ಎಂದು ಮಗನಿಗೆ ಹೇಳಿದರು. ಮೂರರಲ್ಲಿ ಎರಡು ಉಳಿದವು, ಒಂದು ಉಳಿಯಲಿಲ್ಲ ಎಂಬ ಸಂಗತಿಯನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆಗಲೂ ಯಾರೂ ಆಡಲಿಲ್ಲ. ಮಗನು ಶನಿವಾರ ಎರಡೂವರೆಗೆ ಗಲ್ಲೆಯ ಬೀಗದ ಕೈಯನ್ನು ತಂದೆಗೆ ಒಪ್ಪಿಸಿ ಹೊರಟನು.

ಈ ತರಗತಿಗಳ ಮೂಲವು ಹೊರದೇಶದ್ದು. ಹೆರಿಗೆಯಲ್ಲಿ ಭಯವು ದೇಹದ ಬಿಗಿತವನ್ನು ಹೆಚ್ಚಿಸುತ್ತದೆ, ಬಿಗಿತವು ನೋವನ್ನು ಹೆಚ್ಚಿಸುತ್ತದೆ, ನೋವು ಮತ್ತೆ ಭಯವನ್ನು ಹೆಚ್ಚಿಸುತ್ತದೆ ಎಂಬ ವಿಚಾರವನ್ನು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್ ರೀಡ್ 1930ರ ದಶಕದಲ್ಲಿಯೇ ಮಂಡಿಸಿದ್ದರು. ಫ್ರಾನ್ಸಿನ ಫರ್ನಾಂಡ್ ಲಾಮಾಜ್ ಎಂಬವರು 1951ರಲ್ಲಿ ಸೋವಿಯತ್ ರಷ್ಯಕ್ಕೆ ಹೋದಾಗ, ಉಸಿರಾಟದ ಶಿಕ್ಷಣ ಮತ್ತು ಪೂರ್ವಜ್ಞಾನದಿಂದ ಗರ್ಭಿಣಿಯರನ್ನು ಸಿದ್ಧಗೊಳಿಸುವ ಕ್ರಮವನ್ನು ಕಂಡು ಬಂದು ಪ್ಯಾರಿಸಿನಲ್ಲಿ ಆಚರಣೆಗೆ ತಂದರು. ಅಮೆರಿಕದ ರಾಬರ್ಟ್ ಬ್ರಾಡ್ಲಿಯವರು 1965ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಗಂಡನೇ ಹೆಂಡತಿಯ ಪಕ್ಕದಲ್ಲಿ ನಿಂತು ನಡೆಸಬೇಕೆಂದು ಪ್ರತಿಪಾದಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ, ಹೆರಿಗೆಯ ಕಾಲದಲ್ಲಿ ಸ್ತ್ರೀಯು ತಾನು ಬಯಸಿದ ಒಬ್ಬರನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದೆಂಬುದೂ ಸೇರಿದೆ. ಚರಿತ್ರೆ ಇಷ್ಟು ಸಾಕು. ಹೊರಗಿನಿಂದ ಬಂದದ್ದೆಂಬ ಕಾರಣಕ್ಕೆ ಒಂದು ಉಪಕಾರವನ್ನು ನಿರಾಕರಿಸುವುದು ಸಮ್ಯಗ್ದೃಷ್ಟಿಯ ಲಕ್ಷಣವಲ್ಲ. ಪರೀಕ್ಷಿಸಿ ಸ್ವೀಕರಿಸುವುದು ಲಕ್ಷಣ.

ಮೊದಲ ಶನಿವಾರ ಏಳು ಜೋಡಿಗಳು ಚಾಪೆಯ ಮೇಲೆ ಕುಳಿತಿದ್ದವು. ಗಂಡಸರೆಲ್ಲರೂ ಗೋಡೆಗೆ ಒತ್ತಿಕೊಂಡು ತಮ್ಮ ದೂರವಾಣಿಗಳನ್ನು ನೋಡುತ್ತಿದ್ದರು. ಕಲಿಸುವಾಕೆಯು ಪ್ಲಾಸ್ಟಿಕ್ಕಿನ ಸೊಂಟದ ಎಲುಬಿನ ಮಾದರಿಯೊಂದನ್ನೂ ಬಟ್ಟೆಯ ಗೊಂಬೆಯೊಂದನ್ನೂ ತಂದು, ಶಿಶುವಿನ ತಲೆಯು ಹೇಗೆ ತಿರುಗುತ್ತ ಇಳಿಯುತ್ತದೆ, ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರಿನಷ್ಟು ಹೇಗೆ ತೆರೆದುಕೊಳ್ಳುತ್ತದೆ ಎಂಬುದನ್ನು ತೋರಿಸಿದರು. ಪಾತ್ರೆ ವ್ಯಾಪಾರಿಯು ದೂರವಾಣಿಯನ್ನು ಜೇಬಿಗೆ ಹಾಕಿದ್ದು ಆಗ. ಅಳತೆಯ ಮಾತು ಅವನಿಗೆ ತಿಳಿಯುವ ಮಾತು. ಜರಾಯುಜ, ಅಂಡಜ, ಪೋತ ಎಂದು ಗರ್ಭಜನ್ಮದ ಭೇದಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿ ಬಹುಮಾನ ಪಡೆದಿದ್ದ ಅವನು, ಜರಾಯುಜ ಎಂದರೆ ಏನೆಂಬುದನ್ನು 31ನೆಯ ವಯಸ್ಸಿನಲ್ಲಿ ಬಟ್ಟೆಯ ಗೊಂಬೆಯಿಂದ ತಿಳಿದನು.

ಎರಡನೆಯ ತರಗತಿ ಆಹಾರದ್ದು. ತೊಡಕು ಹುಟ್ಟಿದ್ದೂ ಅಲ್ಲಿಯೇ. ಅಲ್ಲಿ ಕೊಟ್ಟ ಪಟ್ಟಿಯಲ್ಲಿ ಮೊಟ್ಟೆಯಿತ್ತು, ಮೀನೆಣ್ಣೆಯ ಗುಳಿಗೆಯಿತ್ತು, ರಾತ್ರಿ ಮಲಗುವಾಗ ಹಾಲು ಮತ್ತು ಬಿಸ್ಕೀಟು ಇದ್ದವು. ಮೊಟ್ಟೆಯ ಬದಲಿಗೆ ಮೊಳಕೆ ಹೆಸರು, ಶೇಂಗಾ, ಮೊಸರು ಎಂದು ತಿದ್ದಿಕೊಳ್ಳುವುದು ಸುಲಭವಾಯಿತು. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯವಾದ ಜೆಲಾಟಿನ್ ಎಂಬುದನ್ನು ಗಂಡನು ಸಂಕೋಚದಿಂದಲೇ ಹೇಳಿದಾಗ ವೈದ್ಯೆಯು ಅದೇ ಔಷಧವನ್ನು ಮಾತ್ರೆಯ ರೂಪದಲ್ಲಿ ಬರೆದುಕೊಟ್ಟರು. ಕೇಳಿದರೆ ದೊರೆಯುತ್ತದೆ, ಕೇಳದೆ ಗುಟ್ಟಾಗಿ ಔಷಧವನ್ನೇ ಬಿಟ್ಟುಬಿಡುವ ಮನೆಗಳಿವೆ, ಅದು ಅಪಾಯದ ದಾರಿ. ಆದರೆ ಆ ವಾರದ ರಕ್ತಪರೀಕ್ಷೆಯಲ್ಲಿ ಸೊಸೆಯ ಹಿಮೋಗ್ಲೋಬಿನ್ 9.2 ಗ್ರಾಂ ಇತ್ತು. ಗರ್ಭಿಣಿಗೆ 11ಕ್ಕಿಂತ ಕಡಮೆಯಾದರೆ ರಕ್ತಹೀನತೆ, 10ಕ್ಕಿಂತ ಕೆಳಗಿಳಿದರೆ ಅದು ಮಧ್ಯಮ ತರಗತಿಯದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ಈ ಕೊರತೆಯಿತ್ತು. ಉಣ್ಣಲು ಇಲ್ಲದವರ ಮನೆಯ ಕಾಯಿಲೆಯೆಂದು ಅದನ್ನು ಭಾವಿಸುವುದು ತಪ್ಪು. ತುಂಬಿದ ಅಡಿಗೆಮನೆಯಲ್ಲಿಯೂ ಅದು ಇದೆ.

ಮುಂದಿನ ವಾರವೇ ಭಾದ್ರಪದ ಶುಕ್ಲ ಪಂಚಮಿ. ದಶಲಕ್ಷಣ ಪರ್ವ. ಸೊಸೆಯು ವಿವಾಹಕ್ಕೆ ಮುಂಚಿನಿಂದಲೂ ಆ ಹತ್ತು ದಿನ ಏಕಭುಕ್ತ ಮಾಡಿ ಅನಂತ ಚತುರ್ದಶಿಯಂದು ನಿರಾಹಾರ ಉಪವಾಸ ಮಾಡುತ್ತ ಬಂದವಳು. ಈ ವರ್ಷವೂ ಮಾಡುವೆನೆಂದಳು. ಗರ್ಭದಲ್ಲಿರುವ ಜೀವಕ್ಕೆ ಪರ್ವದ ಸಂಸ್ಕಾರ ಲಭಿಸುತ್ತದೆ ಎಂಬುದು ಅವಳ ನಂಬಿಕೆ. ಅತ್ತೆಯವರಿಗೆ ಒಳಗೊಳಗೇ ಹೆಮ್ಮೆ. ಗಂಡನು ಮಾತ್ರ ತರಗತಿಯಲ್ಲಿ ಕೇಳಿದ್ದನ್ನು ಮರೆಯಲಾರದೆ, ಹೇಳಲೂ ಆರದೆ ಎರಡು ದಿನ ಒದ್ದಾಡಿದನು. ಕೊನೆಗೆ, ಊರಿನಲ್ಲಿ ಚಾತುರ್ಮಾಸ ನಡೆಸುತ್ತಿದ್ದ ಆರ್ಯಿಕಾ ಮಾತಾಜಿಯವರ ಬಳಿಗೆ ಇಬ್ಬರೂ ಹೋಗಿ ರಕ್ತಪರೀಕ್ಷೆಯ ಕಾಗದವನ್ನೂ ಮುಂದಿಟ್ಟರು. ಮಾತಾಜಿಯವರು ಕಾಗದವನ್ನು ನೋಡಲಿಲ್ಲ, ಅವಳ ಮುಖವನ್ನು ನೋಡಿದರು. ಷೋಡಶಕಾರಣ ಭಾವನೆಗಳಲ್ಲಿ ತಪದ ಹಿಂದೆ ಏನಿದೆ ಎಂದು ಕೇಳಿದರು. ಶಕ್ತಿತಃ ಎಂದು ಅವಳು ಉತ್ತರಿಸಿದಳು. ಹಾಗಾದರೆ ಶಕ್ತಿ ಬಂದ ವರ್ಷ ಮಾಡು, ಈ ಹತ್ತು ದಿನ ಸ್ವಾಧ್ಯಾಯ ಮಾಡು ಎಂದು ಹೇಳಿ ಮಾತಾಜಿಯವರು ಮೌನಕ್ಕೆ ತೆರಳಿದರು.

ಇಲ್ಲಿ ಮತ್ತೊಂದು ಮಾತನ್ನೂ ಶ್ರಾವಕರು ವಿವೇಚಿಸಬೇಕು. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಡೆಯದನ್ನು ವಿವರಿಸುವಾಗ ಎತ್ತು, ಕುದುರೆ, ಆಳುಕಾಳುಗಳ ಉದಾಹರಣೆ ಕೊಡುವುದು ಪದ್ಧತಿ. ತನ್ನನ್ನೇ ಆಶ್ರಯಿಸಿದ ಜೀವಕ್ಕೆ ಹೊತ್ತಿಗೆ ಸರಿಯಾಗಿ ಅನ್ನವನ್ನೂ ನೀರನ್ನೂ ಕೊಡದಿರುವುದು ಅದರ ಅರ್ಥ. ಗರ್ಭಸ್ಥ ಶಿಶುವಿಗಿಂತ ಹೆಚ್ಚು ಆಶ್ರಿತವಾದ ಜೀವ ಯಾವುದಿದೆ? ತಾಯಿಯು ಬಿಟ್ಟ ಊಟವು ಅವಳ ಪಾಲಿಗೆ ಅನಶನ ತಪವೆನಿಸಬಹುದು. ಒಳಗಿರುವ, ವ್ರತವನ್ನು ಸ್ವೀಕರಿಸದ, ಸ್ವೀಕರಿಸಲಾರದ ಜೀವದ ಪಾಲಿಗೆ ಅದು ಏನಾಗುತ್ತದೆ? ತಪವು ಸ್ವಇಚ್ಛೆಯಿಂದ ತನ್ನ ದೇಹದ ಮೇಲೆ ಮಾಡತಕ್ಕದ್ದು. ಇನ್ನೊಬ್ಬರ ದೇಹದ ಮೇಲೆ ಮಾಡಿದ ತಪಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಪರ್ವದ ದಿನಗಳಲ್ಲಿ ಉಪವಾಸ ಮಾಡಿದವರ ಹೆಸರುಗಳನ್ನು ಫಲಕದ ಮೇಲೆ ಬರೆದು ಸನ್ಮಾನಿಸುವ ಟ್ರಸ್ಟುಗಳು, ಆ ಪಟ್ಟಿಯಲ್ಲಿ ಗರ್ಭಿಣಿಯ ಹೆಸರು ಬಂದಾಗ ಚಪ್ಪಾಳೆ ಇನ್ನೂ ಜೋರಾಗುವುದನ್ನು ಗಮನಿಸಿರಬಹುದು. ಆ ಚಪ್ಪಾಳೆಯ ಭಾರವೂ ಅತಿಭಾರಾರೋಪಣವೇ.

ರಾತ್ರಿಭೋಜನ ತ್ಯಾಗದ ಪ್ರಶ್ನೆಯು ಇಷ್ಟು ಸರಳವಲ್ಲ. ಸೂರ್ಯಾಸ್ತಕ್ಕೆ ಮುನ್ನ ಉಂಡು ಮರುದಿನ ಸೂರ್ಯೋದಯದ ನಂತರವೇ ಬಾಯಿಗೆ ಹಾಕುವುದೆಂದರೆ ಹದಿಮೂರು ಹದಿನಾಲ್ಕು ಗಂಟೆಗಳ ಅಂತರ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ನಿಯಮ ಮತ್ತು ಯಮ ಎಂಬ ಭೇದವನ್ನು ತೋರಿಸಿದ್ದಾರೆ. ಕಾಲದ ಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಸೊಸೆಯು ಗುರುಗಳ ಸಮ್ಮುಖದಲ್ಲಿ ಯಾವುದನ್ನೂ ಸ್ವೀಕರಿಸಿರಲಿಲ್ಲ, ಹುಟ್ಟಿದ ಮನೆಯ ಅಭ್ಯಾಸವನ್ನು ಬಿಡಲು ಮನಸ್ಸಿರಲಿಲ್ಲ ಅಷ್ಟೆ. ಆಹಾರತಜ್ಞೆಯು ಆರಂಭದಲ್ಲಿ ಮುಖ ಗಂಟು ಹಾಕಿದರೂ, ಬಳಿಕ ಕಾಗದ ತೆಗೆದುಕೊಂಡು ಹಗಲಿನೊಳಗೇ ಆರು ಸಲ ಉಣ್ಣುವಂತೆ ಹೊತ್ತು ಹಂಚಿಕೊಟ್ಟರು. ಬೆಳಿಗ್ಗೆ ರಾಗಿ ಅಂಬಲಿ, ನಡುವೆ ಶೇಂಗಾ ಬೆಲ್ಲ, ಮಧ್ಯಾಹ್ನ ಊಟದ ತರುವಾಯ ಲಿಂಬೆಯ ಪಾನಕದೊಡನೆ ಕಬ್ಬಿಣದ ಮಾತ್ರೆ, ಸುಣ್ಣದ ಅಂಶದ ಮಾತ್ರೆ ಬೇರೆ ಹೊತ್ತಿನಲ್ಲಿ, ಚಹಾ ಮತ್ತು ಹಾಲು ಕಬ್ಬಿಣದ ಮಾತ್ರೆಯ ಹತ್ತಿರ ಸುಳಿಯದಂತೆ. ರಾತ್ರಿ ತಲೆ ಸುತ್ತಿದರೆ ಅಥವಾ ಬೆವರಿ ನಡುಕ ಬಂದರೆ ಹಾಲು ಕುಡಿಯಲೇಬೇಕು, ಅದು ಔಷಧ ಎಂದು ಗಂಡನ ಮುಂದೆಯೇ ಹೇಳಿದರು. ಎರಡು ರಾತ್ರಿ ಹಾಗಾಯಿತು. ಎರಡೂ ಸಲ ಹಾಲನ್ನು ಬಿಸಿ ಮಾಡಿ ತಂದವರು ಅತ್ತೆಯವರು.

ನಾಲ್ಕನೆಯ ತರಗತಿಯಲ್ಲಿ ಶಿಶುವಿನ ಚಲನೆಯನ್ನು ಎಣಿಸುವುದನ್ನು ಕಲಿಸಿದರು. ಎಡಮಗ್ಗುಲಾಗಿ ಮಲಗಿ ಗಮನವಿಟ್ಟು ಎಣಿಸಬೇಕು. ಎರಡು ಗಂಟೆಗಳಲ್ಲಿ ಹತ್ತು ಚಲನೆಗಳಾದರೂ ತಿಳಿಯಬೇಕು. ದಿನನಿತ್ಯಕ್ಕಿಂತ ಕಡಮೆಯೆನಿಸಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಬರಬೇಕು. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ಇದಕ್ಕೆ ಹೊಂದುವ ಪ್ರಸಂಗವೊಂದಿದೆ. ಗರ್ಭದಲ್ಲಿದ್ದ ವರ್ಧಮಾನ ಸ್ವಾಮಿಯು ತಾಯಿಗೆ ನೋವಾಗಬಾರದೆಂದು ಅಲುಗಾಡದೆ ಇದ್ದುಬಿಟ್ಟರಂತೆ. ಚಲನೆ ನಿಂತುದನ್ನು ಕಂಡು ತ್ರಿಶಲಾದೇವಿಯು ಶೋಕದಲ್ಲಿ ಮುಳುಗಲು, ಅದನ್ನರಿತು ಮತ್ತೆ ಸ್ವಲ್ಪ ಚಲಿಸಿ ತಾಯಿಯನ್ನು ಸಂತೈಸಿದರಂತೆ. ದಿಗಂಬರ ಪರಂಪರೆಯು ಈ ಪ್ರಸಂಗವನ್ನು ಹೇಳುವುದಿಲ್ಲ. ಆದರೂ ಗರ್ಭದ ನಿಶ್ಚಲತೆಯು ತಾಯಿಯ ಎದೆಯಲ್ಲಿ ಏನು ಮಾಡುತ್ತದೆಂಬುದನ್ನು ಬಲ್ಲವರ ಲೇಖನಿಯದು ಅದು ಎಂಬುದರಲ್ಲಿ ಸಂಪ್ರದಾಯಭೇದವಿಲ್ಲ. ಆ ದಿನ ಮನೆಗೆ ಬಂದ ಸೊಸೆಯು ಎಣಿಕೆಯ ವಿಷಯವನ್ನು ಅಡಿಗೆಮನೆಯಲ್ಲಿ ಹೇಳಿದಾಗ, ಅತ್ತೆಯವರು ಸೌಟನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ತಮ್ಮ ಎರಡನೆಯ ಬಸಿರಿನಲ್ಲಿ ಎರಡು ದಿನ ಕೂಸು ಅಲುಗಲಿಲ್ಲ, ಹಬ್ಬದ ಗದ್ದಲದಲ್ಲಿ ಯಾರಿಗೂ ಹೇಳಲಿಲ್ಲ, ಹೇಳಬೇಕೆಂದು ಯಾರೂ ಹೇಳಿರಲಿಲ್ಲ ಎಂದರು. ಮೂವತ್ತು ವರ್ಷಗಳಲ್ಲಿ ಆ ಮಾತು ಮೊದಲ ಸಲ ಹೊರಬಂದಿತ್ತು. ಮುಂದಿನ ಶನಿವಾರ ಮಗನು ಅಂಗಡಿಯಿಂದ ತಡವಾಗಿ ಬಂದಾಗ, ಏಕೆ ತಡವೆಂದು ಬೈದವರೂ ಅವರೇ.

ನೋವಿನ ವಿಷಯದಲ್ಲಿ ತರಗತಿಯೊಳಗೇ ಎರಡು ಪಕ್ಷಗಳಾದವು. ಬೆನ್ನುಹುರಿಯ ಬಳಿ ಚುಚ್ಚುಮದ್ದು ಕೊಟ್ಟು ಹೆರಿಗೆಯ ನೋವನ್ನು ತಗ್ಗಿಸುವ ಕ್ರಮವಿದೆಯೆಂದು ವೈದ್ಯೆಯು ಹೇಳಿದಾಗ, ಅದು ದುರ್ಬಲರ ಮಾರ್ಗವೆಂದು ಕೆಲವರು, ಏಕೆ ಬೇಡವೆಂದು ಕೆಲವರು. ಜೈನ ಮನೆಗಳಲ್ಲಿ ಇದಕ್ಕೆ ಕರ್ಮಸಿದ್ಧಾಂತವನ್ನೂ ಎಳೆದು ತರುವುದುಂಟು. ಅಸಾತಾವೇದನೀಯದ ಉದಯ, ಅನುಭವಿಸಿಯೇ ಕಳೆಯಬೇಕು ಎನ್ನುತ್ತಾರೆ. ಹಾಗೆನ್ನುವವರು ಹಲ್ಲುನೋವಿಗೆ ಮಾತ್ರೆ ನುಂಗುವಾಗ ಈ ಸಿದ್ಧಾಂತವನ್ನು ನೆನೆಯುವುದಿಲ್ಲ. ಪುರುಷರಾದರಂತೂ ನೆನೆಯುವುದೇ ಇಲ್ಲ. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಬೇರೆ ದಾರಿಯಿಲ್ಲದೆ ಸಹಿಸಿದ ಕಷ್ಟವು ಅಕಾಮ ನಿರ್ಜರೆ. ಮೋಕ್ಷಮಾರ್ಗದ ಸಾಧನವಾದ ನಿರ್ಜರೆಯು ಅರಿವಿನಿಂದ, ಸ್ವಇಚ್ಛೆಯಿಂದ ಆಗತಕ್ಕದ್ದು. ಪರೀಷಹಜಯವನ್ನು ಮುನಿಗಳಿಗೆ ವಿಧಿಸಿದೆ, ಪ್ರಸವವೇದನೆಯಲ್ಲಿರುವ ಗೃಹಿಣಿಗೆ ಪರರು ವಿಧಿಸಲು ಬರುವುದಿಲ್ಲ. ವೇದನೆಯಿಂದ ಹುಟ್ಟುವ ಚಿಂತೆಯನ್ನು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದೆಂದು ಎಣಿಸಿರುವಾಗ, ವೇದನೆಯನ್ನು ತಗ್ಗಿಸುವ ಉಪಾಯವು ಧರ್ಮವಿರೋಧಿಯೆನಿಸುವುದು ಹೇಗೆ? ಚುಚ್ಚುಮದ್ದು ಬೇಕೆನ್ನುವ, ಬೇಡವೆನ್ನುವ ಅಧಿಕಾರವು ಅವಳದು. ಆ ಅಧಿಕಾರವನ್ನು ಚಲಾಯಿಸುವಷ್ಟು ತಿಳುವಳಿಕೆಯನ್ನು ಮೊದಲೇ ಕೊಡುವುದು ತರಗತಿಯ ಕೆಲಸ. ಉಸಿರನ್ನು ನಿಧಾನವಾಗಿ ಬಿಡುತ್ತ, ಬರುವ ನೋವು ಏರಿ ಇಳಿಯುವವರೆಗೆ ಅದನ್ನು ನೋಡುತ್ತಿರಿ, ಅದು ಒಂದು ನಿಮಿಷದ್ದು, ಹೋಗುತ್ತದೆ ಎಂದು ಕಲಿಸುವಾಕೆ ಹೇಳುತ್ತಿದ್ದರು. ಸಾಮಾಯಿಕವನ್ನು ಎಂದೂ ಕೇಳಿರದ ಆಕೆಯ ಬಾಯಿಂದ ಆ ಮಾತು ಬಂದಿತು.

ಗಂಡಸರಿಗೆ ಕಲಿಸಿದ್ದು ಬಹಳವಲ್ಲ. ಸೊಂಟದ ಕೆಳಭಾಗವನ್ನು ಅಂಗೈಯ ಬುಡದಿಂದ ಒತ್ತುವುದು, ನೀರು ಕೊಡುವುದು, ಗಡಿಯಾರ ನೋಡುವುದು, ಮಾತು ಕಡಮೆ ಮಾಡುವುದು. ಇದನ್ನು ವೈಯಾವೃತ್ಯವೆಂದು ಕರೆಯಬಹುದೇ ಎಂದು ಪಾತ್ರೆ ವ್ಯಾಪಾರಿಯು ತಂದೆಯನ್ನು ಕೇಳಿದನು. ಅಂತರಂಗ ತಪದಲ್ಲಿ ಸೇರಿದ ವೈಯಾವೃತ್ಯವು ಆಚಾರ್ಯ, ಉಪಾಧ್ಯಾಯ, ತಪಸ್ವಿ ಮೊದಲಾದ ಹತ್ತು ಬಗೆಯವರ ಸೇವೆಯೆಂಬುದು ಶಾಸ್ತ್ರಾರ್ಥ. ಹೆಂಡತಿಯ ಬೆನ್ನು ಒತ್ತುವುದು ಅದರಲ್ಲಿ ಬರುವುದಿಲ್ಲ ಎಂದು ತಂದೆಯು ಸರಿಯಾಗಿಯೇ ಹೇಳಿದರು. ಸ್ವಲ್ಪ ತಡೆದು, ಆದರೆ ಮನೆಯಲ್ಲಿ ಕೈ ಬಾರದವನಿಗೆ ಮುನಿಗಳ ಹತ್ತಿರವೂ ಕೈ ಬಾರದು ಎಂದರು. ಹೆರಿಗೆಯ ಕೋಣೆಯೊಳಗೆ ಹೋದರೆ ಸೂತಕದ ಗತಿಯೇನೆಂಬ ಇನ್ನೊಂದು ಶಂಕೆಗೂ ಅವರ ಉತ್ತರ ಚಿಕ್ಕದಾಗಿತ್ತು. ತಂದೆಗೆ ಹೇಗೂ ಹತ್ತು ದಿನದ ಸೂತಕವಿದೆ. ಒಳಗಿದ್ದರೂ ಅಷ್ಟೇ, ಗಲ್ಲೆಯ ಮೇಲಿದ್ದರೂ ಅಷ್ಟೇ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯನ್ನು ಮುರಿಯದೆ ಬಾಗಿಸಿದರು. ಬೆಳಗಾವಿ ಕಡೆಯ ಹಳ್ಳಿಯಿಂದ ತಾಯಿಯೇ ಹುಬ್ಬಳ್ಳಿಗೆ ಬಂದು ಬಾಣಂತನಕ್ಕೆ ನಿಂತರು.

ದೀಪಾವಳಿ ಕಳೆದ ಎರಡನೆಯ ವಾರ, ರಾತ್ರಿ ಎರಡು ಗಂಟೆಗೆ ನೋವು ಆರಂಭವಾಯಿತು. ಐದು ನಿಮಿಷಕ್ಕೊಮ್ಮೆ, ಪ್ರತಿಯೊಂದೂ ಒಂದು ನಿಮಿಷದಷ್ಟು, ಒಂದು ತಾಸಿನವರೆಗೆ ಹಾಗೆಯೇ ಬಂದರೆ ಹೊರಡಬೇಕೆಂದು ಕಲಿಸಿದ್ದರು. ಗಂಡನು ಅಂಗಡಿಯ ಹಳೆಯ ಬಿಲ್ಲಿನ ಹಾಳೆಯ ಹಿಂದೆ ಹೊತ್ತನ್ನು ಬರೆಯುತ್ತ ಹೋದನು. ಆಸ್ಪತ್ರೆಯಲ್ಲಿ ಹದಿಮೂರು ಗಂಟೆ ಅವಳು ನಡೆದಳು, ಕುಳಿತಳು, ಗಂಡನ ಹೆಗಲನ್ನು ಹಿಡಿದು ತೂಗಿದಳು, ಚುಚ್ಚುಮದ್ದು ಸದ್ಯಕ್ಕೆ ಬೇಡವೆಂದಳು. ಆದರೆ ನಿಮಿಷಕ್ಕೆ 110ರಿಂದ 160ರ ನಡುವೆ ಇರತಕ್ಕ ಶಿಶುವಿನ ಎದೆಬಡಿತವು ನೋವು ಬಂದಾಗಲೆಲ್ಲ ಇಳಿಯತೊಡಗಿತು, ಮೇಲೇರಲು ತಡಮಾಡಿತು. ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯೆಯು ಹೇಳಿದರು. ಐದನೆಯ ತರಗತಿಯು ಇದೇ ವಿಷಯದ್ದಾಗಿತ್ತು, ಅಂದು ಹಲವರು ಅಶುಭವೆಂದು ಕಿವಿಗೊಟ್ಟಿರಲಿಲ್ಲ. ಅವಳು ಕಿವಿಗೊಟ್ಟಿದ್ದಳು. ಕಾದರೆ ಏನಾಗಬಹುದು, ಎಷ್ಟು ಹೊತ್ತಿದೆ ಎಂಬ ಎರಡೇ ಪ್ರಶ್ನೆ ಕೇಳಿದಳು, ಉತ್ತರ ಕೇಳಿ ಒಪ್ಪಿಗೆಯ ಕಾಗದಕ್ಕೆ ತಾನೇ ಸಹಿ ಹಾಕಿದಳು. ಅರ್ಧ ಗಂಟೆಯೊಳಗೆ 2 ಕಿಲೋ 700 ಗ್ರಾಂ ತೂಕದ ಹೆಣ್ಣುಮಗು. ತಾಯಿಯ ಹಿಮೋಗ್ಲೋಬಿನ್ ಆ ವೇಳೆಗೆ 10.8ಕ್ಕೆ ಏರಿತ್ತು; ರಕ್ತ ಕೊಡಬೇಕಾದ ಪ್ರಸಂಗ ಬರಲಿಲ್ಲ. ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ರೂಢಿಯನ್ನು ಪಕ್ಕದ ಹಾಸಿಗೆಯವರು ನೆನಪಿಸಿದರು. ಜೇನನ್ನು ಮದ್ಯಮಾಂಸಗಳ ಸಾಲಿನಲ್ಲಿಟ್ಟು ತ್ಯಜಿಸಿದ ಮನೆತನಕ್ಕೆ ಆ ಪ್ರಶ್ನೆಯೇ ಇರಲಿಲ್ಲ. ಸಕ್ಕರೆ ನೀರನ್ನೂ ಕೊಡದೆ, ಮೊದಲ ಹಳದಿ ಹಾಲನ್ನೇ ಕುಡಿಸಿದರು.

ಇಷ್ಟೆಲ್ಲ ಕಲಿತು ಕಡೆಗೆ ಹೊಟ್ಟೆ ಕೊಯ್ಯಿಸಿಕೊಂಡದ್ದೇ ಆಯಿತಲ್ಲ ಎಂದು ನೋಡಲು ಬಂದ ಬಂಧುಗಳೊಬ್ಬರು ಅಂದರು. "ನೋವು ಬಂತ್ರೀ, ಅಂಜಿಕಿ ಬರಲಿಲ್ಲ," ಎಂದು ಸೊಸೆಯು ಹೇಳಿದಳು.

ಜೈನ ಸಂಘಗಳ ಸಭಾಭವನಗಳು ಪರ್ವದ ದಿನಗಳನ್ನೂ ಮದುವೆಯ ಮುಹೂರ್ತಗಳನ್ನೂ ಬಿಟ್ಟರೆ ಬೀಗ ಹಾಕಿಯೇ ಇರುತ್ತವೆ. ಚಾಪೆಗಳಿವೆ, ಫ್ಯಾನುಗಳಿವೆ, ಕುಡಿಯಲು ಸೋಸಿದ ನೀರಿದೆ. ಊರಿನ ವೈದ್ಯೆಯೊಬ್ಬರನ್ನೂ ವ್ಯಾಯಾಮ ಚಿಕಿತ್ಸಕರೊಬ್ಬರನ್ನೂ ಕರೆದು ವರ್ಷಕ್ಕೆ ನಾಲ್ಕು ಸಲ ಇಂತಹ ತರಗತಿಯನ್ನು ನಡೆಸಲು ತಗಲುವ ವೆಚ್ಚವು, ಒಂದು ಪಂಚಾಮೃತ ಅಭಿಷೇಕದ ದಿನದ ಸಾಮೂಹಿಕ ಭೋಜನದ ವೆಚ್ಚವನ್ನು ಮೀರಲಾರದು. ಯಾವ ಜಾತಿಯ ಗರ್ಭಿಣಿಯೂ ಬರಲೆಂದು ಬಾಗಿಲು ತೆರೆದಿಟ್ಟರೆ ಅಭಯದಾನ, ಔಷಧದಾನ, ಶಾಸ್ತ್ರದಾನಗಳು ಒಂದೇ ಮಧ್ಯಾಹ್ನದಲ್ಲಿ ನೆರವೇರುತ್ತವೆ. ಧೃತಿ ಕ್ರಿಯೆಯ ಮಂತ್ರವನ್ನು ಅಲ್ಲಿಯೇ ಪಂಡಿತರಿಂದ ಹೇಳಿಸಲೂ ಅಡ್ಡಿಯಿಲ್ಲ.

ಹತ್ತು ದಿನ ಕಳೆದು ಮನೆಯ ಶುದ್ಧಿಯಾಯಿತು. ಆ ಸಂಜೆ ಅತ್ತೆಯವರು ಮಗನನ್ನು ಕರೆದು, ಮುಂದಿನ ತರಗತಿ ಯಾವಾಗ ಆರಂಭವೆಂದು ಕೇಳಿದರು. ಗದಗಿನಲ್ಲಿರುವ ಮಗಳಿಗೆ ಆರು ತಿಂಗಳಾಗಿದೆ. "ಶನಿವಾರ ಅಳಿಯಂದ್ರಿಗೆ ರಜಾ ಸಿಗತದೋ ಇಲ್ಲೋ, ಈಗಲೇ ಕೇಳಿ ಇಡು," ಎಂದರು.